ದಂಡು ಬಂದಾಗ ಊರು ಬಿಟ್ಟವರ ಕಥೆ ಬರೆಯುವುದು ಹೇಗೆ: ಹಿಟ್ಟಿನ ಲೆಕ್ಕದಿಂದ ಕೊನೆಯ ಸಾಲಿನವರೆಗೆ

ದಾವಣಗೆರೆಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಕಥೆ ಓದುತ್ತೇವೆ. ಚಿತ್ರದುರ್ಗ, ಜಗಳೂರು, ಹರಿಹರದಿಂದಲೂ ಬರೆಯುವವರು ಬರುತ್ತಾರೆ. ಹೈದರ್ ಅಲಿ ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿದ ಕಾಲದಲ್ಲಿ ಊರು ಬಿಟ್ಟ ಸಾಮಾನ್ಯ ಜನರ ಕಥೆ ಬರೆಯುವ ಆಸೆ ಅವರಲ್ಲಿ ಸುಮಾರು ಜನಕ್ಕಿದೆ. ಬರೆದೂ ತರುತ್ತಾರೆ. ಹೆಚ್ಚಿನವು ಒಂದೇ ಜಾಗದಲ್ಲಿ ಎಡವುತ್ತವೆ. ಮೊದಲ ಪುಟದಲ್ಲಿ ಫಿರಂಗಿ, ಎರಡರಲ್ಲಿ ಓಟ, ಮೂರರಲ್ಲಿ ಅಳು, ಕೊನೆಗೆ ಯಾರೋ ಒಬ್ಬರು ತಮ್ಮ ಪಾಲಿನ ಊಟ ಇನ್ನೊಬ್ಬರಿಗೆ ಕೊಟ್ಟು ಸಾಯುತ್ತಾರೆ. ಓದಿ ಮುಗಿಸಿದಾಗ ಕೇಳಿದವರ ಮುಖದಲ್ಲಿ ಏನೂ ಆಗಿರುವುದಿಲ್ಲ.

ನಾನೂ ಅಂಥದ್ದೊಂದು ಕಥೆ ಬರೆದು ತಂದು ಓದಿದ್ದೆ. ಒಂದು ಕುಟುಂಬ ಹದಿನೈದು ದಿನ ನಡೆಯುತ್ತದೆ, ದಾರಿಯಲ್ಲಿ ಒಂದು ಮಗುವನ್ನು ಉಳಿಸುತ್ತದೆ. ಗೆಳೆಯರೊಬ್ಬರ ಅಜ್ಜಿ ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದರು. ಮುಗಿದ ಮೇಲೆ ಒಂದೇ ಮಾತು ಕೇಳಿದರು: "ಅಲ್ಲಪ್ಪಾ, ಹದಿನೈದು ದಿನ ನಡೆದ್ರು ಅಂತೀಯ. ಹಿಟ್ಟು ಯಾರು ಹೊತ್ತಿದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರು ಹೊತ್ತರು, ಎಷ್ಟಿತ್ತು, ಯಾವಾಗ ಮುಗಿಯಿತು ಎಂದು ಗೊತ್ತಿಲ್ಲದ ಮೇಲೆ, ಅದರಲ್ಲಿ ಒಂದು ಹಿಡಿ ಕೊಟ್ಟದ್ದು ಎಷ್ಟು ದೊಡ್ಡದು ಎಂದು ಓದುಗನಿಗೆ ಹೇಗೆ ಗೊತ್ತಾಗಬೇಕು?

ಕೆಳಗಿನ ಹಂತಗಳು ಆ ಪ್ರಶ್ನೆಯಿಂದ ಹುಟ್ಟಿದವು. ಕ್ರಮ ಮುಖ್ಯ. ಆರನೆಯ ಹಂತದಿಂದ ಶುರು ಮಾಡಿದವರ ಕಥೆಗಳೆಲ್ಲ ಮೂರನೆಯ ಹಂತದಲ್ಲಿ ಕುಸಿದದ್ದನ್ನು ನೋಡಿದ್ದೇನೆ.

ಕೈಗೆ ಬೇಕಾದ ಸಾಮಾನು

ಕೆರೆಗಳನ್ನು ಗುರುತಿಸಿರುವ ತಾಲ್ಲೂಕು ನಕ್ಷೆ. ಮಳೆ ನಕ್ಷತ್ರಗಳಿರುವ ಒಂದು ಪಂಚಾಂಗ. ಲೆಕ್ಕ ಬರೆಯಲು ಗೀಟು ಹಾಕಿದ ನೋಟ್‌ಬುಕ್, ಇದರಲ್ಲಿ ಕಥೆಯ ಒಂದು ಸಾಲೂ ಬರೆಯಬೇಡಿ. ಅಡುಗೆಮನೆಯ ತಕ್ಕಡಿ. ಎಂಟು ಕಿಲೋ ರಾಗಿ ಹಿಡಿಸುವ ಬಟ್ಟೆ ಚೀಲ. ಈ ಚೀಲ ಯಾಕೆಂದು ಮುಂದೆ ಹೇಳುತ್ತೇನೆ.

ಹಂತ 1: ಯಾವ ಬಗೆಯ ಹೊರಡುವಿಕೆ ಎಂದು ಮೊದಲು ನಿರ್ಧರಿಸಿ

"ನಿರಾಶ್ರಿತರು" ಎಂಬ ಒಂದೇ ಪದದೊಳಗೆ ನಾವು ಮೂರು ಬಗೆಯ ಜನರನ್ನು ತುಂಬುತ್ತೇವೆ. ದಂಡು ಬರುವ ಸುದ್ದಿ ಕೇಳಿ ಮುಂಚೆಯೇ ಹೊರಟವರು, ಹೋಗಲಾಗದೆ ಗುಡ್ಡ ಗವಿಗಳಲ್ಲಿ ಅಡಗಿದವರು, ಹಿಡಿದು ಸಾಗಿಸಲ್ಪಟ್ಟವರು. ಮೂವರ ಹಸಿವೂ ಬೇರೆ, ಭಯವೂ ಬೇರೆ. ಮೊದಲನೆಯವರಿಗೆ ಏನು ತೆಗೆದುಕೊಳ್ಳಬೇಕು ಎಂಬ ಚಿಂತೆ. ಎರಡನೆಯವರಿಗೆ ಹೊಗೆ ಕಾಣಬಾರದು, ಮಗು ಅಳಬಾರದು ಎಂಬ ಚಿಂತೆ. ಮೂರನೆಯವರ ಕೈಯಲ್ಲಿ ಆಯ್ಕೆಯೇ ಇಲ್ಲ.

ನಮ್ಮ ನೆಲದಲ್ಲಿ ಮೂವರೂ ಇದ್ದರು. 1777ರಲ್ಲಿ ಹೈದರ್ ಅಲಿ ದುರ್ಗಕ್ಕೆ ಮುತ್ತಿಗೆ ಹಾಕಿದಾಗ ಕೋಟೆ ಬೀಳಲಿಲ್ಲ. 1779ರಲ್ಲಿ ಬಿತ್ತು. ಮದಕರಿ ನಾಯಕ ಸೆರೆಯಾದ. ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದರು, ಅವರ ಗಂಡುಮಕ್ಕಳನ್ನು ಚೇಲಾ ಪಡೆಗಳಿಗೆ, ಅಂದರೆ ಸೆರೆಸಿಕ್ಕ ಹುಡುಗರಿಂದಲೇ ಕಟ್ಟಿದ ದಂಡಿಗೆ, ಸೇರಿಸಿದರು ಎಂದು ಗೆಜೆಟಿಯರ್ ಹೇಳುತ್ತದೆ. ದುರ್ಗದಿಂದ ಶ್ರೀರಂಗಪಟ್ಟಣ ಇನ್ನೂರು ಕಿಲೋಮೀಟರಿಗೂ ದೂರ. ಆ ಸಾಲಿನಲ್ಲಿ ನಡೆದ ಒಬ್ಬ ಹುಡುಗನ ಕಥೆಯೇ ಬೇರೆ, ಅದೇ ವಾರ ಹರಿಹರದ ಕಡೆಗೆ ತಪ್ಪಿಸಿಕೊಂಡ ಕುಟುಂಬದ ಕಥೆಯೇ ಬೇರೆ.

ಸಾಮಾನ್ಯ ತಪ್ಪು: ಒಂದೇ ಕುಟುಂಬ ಓಡುತ್ತದೆ, ಸೆರೆಯಾಗುತ್ತದೆ, ತಪ್ಪಿಸಿಕೊಳ್ಳುತ್ತದೆ, ಗವಿಯಲ್ಲಿ ಅಡಗುತ್ತದೆ, ಮರಳಿ ಬರುತ್ತದೆ. ಕಾದಂಬರಿಗಾದರೆ ಸರಿ. ಸಣ್ಣ ಕಥೆಗೆ ಒಂದನ್ನು ಆರಿಸಿಕೊಳ್ಳಿ. ತಲೆಗಳನ್ನೂ ಎಣಿಸಿ, ಆರು ಜನಕ್ಕಿಂತ ಹೆಚ್ಚಾದರೆ ಓದುಗನಿಗೆ ಲೆಕ್ಕ ತಪ್ಪುತ್ತದೆ.

ಇನ್ನೊಂದು. ಪಾತ್ರಗಳ ಬಾಯಲ್ಲಿ "ನಿರಾಶ್ರಿತರು" ಎಂಬ ಮಾತು ಬರಕೂಡದು. "ಊರು ಬಿಟ್ಟೋರು", "ಗುಳೆ ಎದ್ದೋರು" ಎನ್ನುತ್ತಾರೆ. ಸೈನ್ಯಕ್ಕೆ ದಂಡು ಎನ್ನುತ್ತಾರೆ. ನಿಮ್ಮ ಅಜ್ಜಿಯನ್ನು ಕೇಳಿ, ಇಂಥ ಇನ್ನೂ ಹತ್ತು ಮಾತು ಸಿಗುತ್ತವೆ.

ಹಂತ 2: ಹೊರಡುವ ಹಿಂದಿನ ರಾತ್ರಿಯನ್ನು ಪೂರ್ತಿ ಬರೆಯಿರಿ

ಬಹಳ ಜನ ಈ ರಾತ್ರಿಯನ್ನೇ ಹಾರಿಸಿಬಿಡುತ್ತಾರೆ. ಕಥೆಯ ಬೇರು ಇರುವುದು ಇಲ್ಲಿ.

ಮನೆಯಲ್ಲಿ ರಾಗಿ ಎಲ್ಲಿದೆ? ಹಗೇವಿನಲ್ಲಿ. ನೆಲದೊಳಗಿನ ಆ ಗುಂಡಿಗೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಇಳಿಯಬಾರದು. ಗಾಳಿಯಾಡಲು ಬಿಡುವಷ್ಟು ಹೊತ್ತು ದಂಡು ಕಾಯುತ್ತದೆಯೇ? ಇಳಿಯುವವರು ಯಾರು? ಒಂದು ಫಿರಂಗಿಯನ್ನೂ ಹಾರಿಸದೆ ನಿಮ್ಮ ಓದುಗ ಉಸಿರು ಬಿಗಿಹಿಡಿಯುತ್ತಾನೆ.

ಆಮೇಲೆ ಬಿಟ್ಟುಹೋಗುವುದರ ಪಟ್ಟಿ. ಹೊತ್ತುಕೊಂಡದ್ದಕ್ಕಿಂತ ಬಿಟ್ಟದ್ದು ಹೆಚ್ಚು ಮಾತಾಡುತ್ತದೆ. ಬೀಸುವ ಕಲ್ಲು ಹೊರಲಾಗುವುದಿಲ್ಲ, ಆದ್ದರಿಂದ ಹೊರಡುವ ಮುಂಚೆಯೇ ಎಷ್ಟು ಸಾಧ್ಯವೋ ಅಷ್ಟು ಬೀಸಬೇಕು. ರಾತ್ರಿಯಿಡೀ ಕಲ್ಲಿನ ಸದ್ದು. ಊರಿನ ಎಲ್ಲ ಮನೆಯಿಂದಲೂ ಅದೇ ಸದ್ದು ಬಂದರೆ ಎಲ್ಲರೂ ಹೊರಟಿದ್ದಾರೆ ಎಂದು ಯಾರೂ ಹೇಳದೆಯೇ ಗೊತ್ತಾಗುತ್ತದೆ. ಮೇಕೆಯ ಕೊರಳ ಗಂಟೆಗೆ ಹುಲ್ಲು ತುರುಕುತ್ತಾರೆ. ನಾಯಿಯನ್ನು ಏನು ಮಾಡುತ್ತಾರೆ? ಕಟ್ಟಿಹಾಕಿದರೆ ಸಾಯುತ್ತದೆ, ಬಿಟ್ಟರೆ ಹಿಂದೆ ಬರುತ್ತದೆ, ಬಂದರೆ ಬೊಗಳುತ್ತದೆ. ಉತ್ತರ ನೀವೇ ಕೊಡಿ, ಆದರೆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಡಿ.

ಇದಕ್ಕೆಲ್ಲ ಬದುಕಿರುವ ಸಾಕ್ಷಿ ಬೇಕೆಂದರೆ ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಕಡೆ ಬರಗಾಲದಲ್ಲಿ ಗುಳೆ ಹೋಗಿ ಬಂದವರನ್ನು ಮಾತಾಡಿಸಿ. ಬೀಗ ಹಾಕಿದ ಬಾಗಿಲ ಮುಂದೆ ಕೊನೆಗೆ ಏನು ಮಾಡಿದಿರಿ ಎಂದಷ್ಟೇ ಕೇಳಿ, ಸುಮ್ಮನಿರಿ. ಎಚ್ಚರ ಒಂದೇ: ಗುಳೆ ಹೋದವರು ಹಬ್ಬಕ್ಕೋ ಮಳೆಗೋ ವಾಪಸು ಬರುವ ಲೆಕ್ಕದಲ್ಲಿ ಹೋಗಿರುತ್ತಾರೆ. ಯುದ್ಧಕ್ಕೆ ಹೆದರಿ ಹೊರಟವರಿಗೆ ಆ ಲೆಕ್ಕ ಇರುವುದಿಲ್ಲ. ಗಂಟು ಕಟ್ಟುವ ಬಗೆಯನ್ನು ಅವರಿಂದ ಕಲಿಯಿರಿ, ಮನಸ್ಸನ್ನು ಹಾಗೇ ಎತ್ತಿ ಇಡಬೇಡಿ.

ಹಂತ 3: ಹಿಟ್ಟಿನ ಲೆಕ್ಕ

ನೋಟ್‌ಬುಕ್ ತೆರೆಯಿರಿ. ಒಂದು ಅಜ್ಜಿ, ಗಂಡ, ಹೆಂಡತಿ, ಮೂರು ಮಕ್ಕಳು ಎಂದಿಟ್ಟುಕೊಳ್ಳಿ. ನಡೆಯುವ ದೊಡ್ಡವರಿಗೆ ದಿನಕ್ಕೆ ಅರ್ಧ ಕಿಲೋ ಹಿಟ್ಟು, ಮಕ್ಕಳಿಗೆ 300 ಗ್ರಾಂ ಎಂದು ಹಿಡಿದರೆ ದಿನಕ್ಕೆ 2.4 ಕಿಲೋ. ದುರ್ಗದಿಂದ ದಾವಣಗೆರೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಹರಿಹರ ಇನ್ನೂ 14. ಮುದುಕರು ಮಕ್ಕಳನ್ನು ಕಟ್ಟಿಕೊಂಡು, ನಡುಹಗಲು ನೆರಳಲ್ಲಿ ಕೂತು, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆದರೆ ಹೆಚ್ಚು. ಏಳು ದಿನ. ಅಂದರೆ ಸುಮಾರು 17 ಕಿಲೋ ಹಿಟ್ಟು.

ಈಗ ಹೊರುವವರನ್ನು ಹಂಚಿ. ಚಿಕ್ಕ ಮಗು ಅವ್ವನ ಸೊಂಟದ ಮೇಲೆ. ಅಪ್ಪನ ತಲೆ ಮೇಲೆ ಗಂಟು, ಅದರಲ್ಲಿ ಕಂಬಳಿ, ಮಡಕೆ, ಕುಡುಗೋಲು. ಅಜ್ಜಿಯ ಕೈಯಲ್ಲಿ ಕೋಲು. ಹತ್ತು ವರ್ಷದ ಹುಡುಗ ಎಷ್ಟು ಹೊತ್ತಾನು? ಇಲ್ಲಿಗೆ ಆ ಬಟ್ಟೆ ಚೀಲ. ಎಂಟು ಕಿಲೋ ರಾಗಿ ತುಂಬಿಸಿ, ತಲೆಯ ಮೇಲಿಟ್ಟುಕೊಂಡು, ಬೆಳಗಿನ ಹತ್ತು ಗಂಟೆಯ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು ಬನ್ನಿ. ಕತ್ತು ಎಲ್ಲಿ ನೋಯುತ್ತದೆ, ಬೆವರು ಎಲ್ಲಿಗೆ ಇಳಿಯುತ್ತದೆ, ಎಷ್ಟನೇ ನಿಮಿಷದಲ್ಲಿ ಬೇರೆ ಯಾವ ಯೋಚನೆಯೂ ಬರದಂತಾಗುತ್ತದೆ ಎಂದು ಬರೆದಿಡಿ. ನಮ್ಮ ಗುಂಪಿನಲ್ಲಿ ಇದನ್ನು ಮಾಡಿ ಬಂದವರ ಬರಹ ಮರುದಿನವೇ ಬದಲಾದದ್ದನ್ನು ಕಂಡಿದ್ದೇನೆ. ವಿಶೇಷಣಗಳು ತಾವಾಗಿಯೇ ಉದುರುತ್ತವೆ.

ಹಿಟ್ಟು ಎಂದರೆ ಯಾವ ಹಿಟ್ಟು? ಹಸಿ ಹಿಟ್ಟಾದರೆ ಮುದ್ದೆ ಮಾಡಲು ಬೆಂಕಿ ಬೇಕು, ಬೆಂಕಿ ಎಂದರೆ ಹೊಗೆ, ಹೊಗೆ ಎಂದರೆ ಕುದುರೆ ಸವಾರರಿಗೆ ಕರೆ. ಹುರಿಹಿಟ್ಟಾದರೆ ನೀರಿಗೆ ಕಲಸಿ, ಬೆಲ್ಲವಿದ್ದರೆ ಬೆಲ್ಲ ಸೇರಿಸಿ, ಹಾಗೇ ತಿನ್ನಬಹುದು. ಆದರೆ ಹುರಿಯಲು ಹಿಂದಿನ ರಾತ್ರಿ ಹೊತ್ತು ಬೇಕಿತ್ತು. ಹುರಿದ ರಾಗಿಯ ವಾಸನೆ ಬೀದಿಗೆಲ್ಲ ಹೋಗುತ್ತದೆ, ಅಕ್ಕಪಕ್ಕದವರಿಗೆ ಗುಟ್ಟು ರಟ್ಟಾಗುತ್ತದೆ. ಒಂದೊಂದು ಲೆಕ್ಕವೂ ಹೀಗೆ ಒಂದು ಘಟನೆಯನ್ನು ಕೈಗಿಡುತ್ತದೆ.

ಕಾಲವನ್ನೂ ನೋಡಿ. ರಾಗಿ ಮನೆಗೆ ಬರುವುದು ಸುಗ್ಗಿಯಲ್ಲಿ, ಕಾರ್ತೀಕ ಮಾರ್ಗಶಿರದ ಸುಮಾರಿಗೆ. ಬೇಸಿಗೆಯಲ್ಲಿ ಹೊರಟರೆ ಕಾಳಿದೆ, ನೀರಿಲ್ಲ. ಆಷಾಢದಲ್ಲಿ ಹೊರಟರೆ ನೀರಿದೆ, ಕಾಳು ತಳ ಕಂಡಿದೆ, ನೆನೆದ ಕಂಬಳಿ ಹೊರೆಯ ಮೇಲೆ ಇನ್ನೊಂದು ಹೊರೆ.

ಅಪಾಯದ ಗುರುತು: ಮೂರನೇ ದಿನ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಯಾರಾದರೂ ಕೇಳಿದಾಗ ನೀವು ತಡವರಿಸಿದರೆ, ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ನೀರು ಮತ್ತು ದಾರಿ

ಬಿಸಿಲಲ್ಲಿ ನಡೆಯುವವರಿಗೆ ದಿನಕ್ಕೆ ತಲಾ ಎರಡು ಮೂರು ಲೀಟರ್ ಕುಡಿಯುವ ನೀರು ಬೇಕು. ಆರು ಜನಕ್ಕೆ ಒಂದು ಕೊಡ ದಾಟುತ್ತದೆ. ತುಂಬಿದ ಕೊಡ ಹನ್ನೆರಡು ಕಿಲೋ ತೂಗುತ್ತದೆ. ಹೊತ್ತು ನಡೆಯುವ ಮಾತಿಲ್ಲ. ಆದ್ದರಿಂದ ಅವರ ದಾರಿ ಕೆರೆಯಿಂದ ಕೆರೆಗೆ, ಬಾವಿಯಿಂದ ಬಾವಿಗೆ ಸಾಗುತ್ತದೆ. ನಕ್ಷೆಯಲ್ಲಿ ಕೆರೆಗಳನ್ನು ಪೆನ್ಸಿಲಿನಿಂದ ಜೋಡಿಸುತ್ತ ಬನ್ನಿ, ಅದೇ ನಿಮ್ಮ ಕಥೆಯ ದಾರಿ. ದುರ್ಗದಿಂದ ದಾವಣಗೆರೆ ಕಡೆ ಬರುವಾಗ ಭರಮಸಾಗರ ಸಿಗುತ್ತದೆ, ಅಲ್ಲಿಯ ಕೆರೆ ಮದಕರಿಗಿಂತ ಹಿಂದೆ ದುರ್ಗವನ್ನಾಳಿದ ಭರಮಣ್ಣ ನಾಯಕರ ಕಾಲದ್ದು, ಹಾಗಾಗಿ ನಿಮ್ಮ ಪಾತ್ರಗಳು ಅದರ ನೀರು ಕುಡಿಯಬಹುದು.

ಆದರೆ ಒಂದು ಕುದುರೆ ದಿನಕ್ಕೆ ಮೂವತ್ತು ಲೀಟರಿನಷ್ಟು ನೀರು ಕುಡಿಯುತ್ತದೆ. ಸಾವಿರ ಕುದುರೆಯ ದಂಡು ಎಲ್ಲಿ ಬೀಡು ಬಿಡುತ್ತದೆ? ಕೆರೆಯ ಪಕ್ಕದಲ್ಲೇ. ನೀರು ಎಲ್ಲಿದೆಯೋ ಅಪಾಯವೂ ಅಲ್ಲೇ ಇದೆ. ನಾನು ಓದಿದ ಕಥೆಗಳಲ್ಲಿ ಈ ಒಂದು ಸಂಗತಿಯನ್ನು ಕಂಡುಕೊಂಡವರು ತೀರಾ ಕಡಿಮೆ. ಕಂಡುಕೊಂಡವರಿಗೆ ಖಳನಾಯಕ ಬೇಕಾಗಲಿಲ್ಲ. ಕೆರೆಯ ಏರಿಯ ಹಿಂದೆ ಕಾರೆ ಕಂಟಿಯಲ್ಲಿ ಕೂತು, ದಂಡಿನವರು ಮಲಗಲಿ ಎಂದು ಕಾಯುವ ಮಗು, ನಾಲಗೆ ಒಣಗಿ ಅಂಗುಳಕ್ಕೆ ಅಂಟಿದ್ದರೂ ಕಪ್ಪೆ ನೀರಿಗೆ ಹಾರಿದ ಸದ್ದು ಕೇಳಿ ತುಟಿ ನೆಕ್ಕಿಕೊಳ್ಳುವುದು. ಇಷ್ಟು ಸಾಕು.

ಕೋಟೆಯೊಳಗೆ ಆಶ್ರಯ ಪಡೆದವರನ್ನು ಬರೆಯುವವರು ಬೆಟ್ಟ ಹತ್ತಿ ನೋಡಿ ಬರಲೇಬೇಕು. ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಕೆಳಗೆ ಸಂತೆಹೊಂಡ, ಹೀಗೆ ತುಂಬಿ ಹರಿದ ನೀರು ಇಳಿಯುತ್ತ ಬರುವ ಕ್ರಮವನ್ನು ಕಣ್ಣಾರೆ ಕಂಡರೆ ಮೇಲಿನ ಸುತ್ತಿನವರ ನೀರಿಗೂ ಕೆಳಗಿನವರ ನೀರಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಹರಿಹರದಲ್ಲಿ ಹೊಳೆ ದಾಟಿಸಿ "ಇನ್ನು ಭಯವಿಲ್ಲ" ಎಂದು ಮುಗಿಸಬೇಡಿ. ಆ ವರ್ಷಗಳಲ್ಲಿ ಹೈದರನ ದಂಡು ತುಂಗಭದ್ರೆಯನ್ನೂ ದಾಟಿ ಕೃಷ್ಣೆಯ ಕಡೆಗೆ ಹೋಗಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದಿರುತ್ತದೆ, ಕಾಲಲ್ಲೇ ದಾಟಬಹುದಾದ ಜಾಗಗಳಿರುತ್ತವೆ. ಆಷಾಢ ಶ್ರಾವಣದಲ್ಲಿ ಹರಿಗೋಲು ಬೇಕು, ಹರಿಗೋಲಿನವನು ಕೂಲಿ ಕೇಳುತ್ತಾನೆ.

ಹಂತ 5: ಆ ಕಾಲದಲ್ಲಿ ಇಲ್ಲದ್ದನ್ನು ತೆಗೆಯಿರಿ

ಇದು ಬೇಗ ಮುಗಿಯುವ ಕೆಲಸ, ಆದರೆ ಮಾಡದಿದ್ದರೆ ಒಂದೇ ಪದ ಇಡೀ ಕಥೆಯ ಮೇಲಿನ ನಂಬಿಕೆ ಕೆಡಿಸುತ್ತದೆ. ಇವತ್ತು ದಾವಣಗೆರೆ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. 1779ರ ಹೊಲದಲ್ಲಿ ಅದನ್ನು ಬೆಳೆಸಬೇಡಿ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಹುರುಳಿ ಇರಲಿ. ಸಾರಿಗೆ ಟೊಮೆಟೊ ಹಾಕಬೇಡಿ, ಹುಣಸೆ ಹಾಕಿ. ಬೆಂಕಿಪೊಟ್ಟಣ ಇಲ್ಲ, ಸೀಮೆಎಣ್ಣೆ ಇಲ್ಲ. ಚಕಮಕಿ ಕಲ್ಲು, ಇಲ್ಲವೇ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಮಡಕೆಯಲ್ಲಿ ಒಯ್ಯುವುದು. ಕೆಂಡ ಆರದಂತೆ ನೋಡಿಕೊಳ್ಳುವ ಕೆಲಸ ಯಾರದು? ನೋಡಿ, ಅಜ್ಜಿಗೆ ಒಂದು ಕೆಲಸ ಸಿಕ್ಕಿತು.

ಅಡಗುವ ಪೊದೆಯಲ್ಲೂ ಎಚ್ಚರ. ಹಿರಿಯೂರು ಚಳ್ಳಕೆರೆ ದಾರಿಯಲ್ಲಿ ಇಂದು ಕಾಣುವ ಬಳ್ಳಾರಿ ಜಾಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ದೇಶಕ್ಕೆ ಬಂದದ್ದು. ಲಂಟಾನ, ಪಾರ್ಥೇನಿಯಂ ಕೂಡ ಆಮೇಲಿನವು. ಕಾರೆ, ತಂಗಡಿ, ಬಂದರಿಕೆ, ಈಚಲು, ಬೇವು ಸಾಕಷ್ಟಿವೆ. ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ಪಾತ್ರಗಳು ಮುಖ ತೊಳೆಯಬಾರದು, ಆ ಅಣೆಕಟ್ಟು ಮುಗಿದದ್ದು 1907ರ ಸುಮಾರಿಗೆ, ಅಲ್ಲಿಯವರೆಗೆ ಅದು ಬರೀ ವೇದಾವತಿ. ದಾವಣಗೆರೆಯನ್ನೂ ದೊಡ್ಡ ಊರಾಗಿ ತೋರಿಸಬೇಡಿ. ಅದು ಬೇತೂರಿನ ಪಕ್ಕದ ಸಣ್ಣ ಹಳ್ಳಿ. ಹೈದರನಿಂದ ಜಹಗೀರು ಪಡೆದ ಆಪೋಜಿ ರಾಮ್ ಎಂಬ ಮರಾಠ ಸರದಾರ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ ಮೇಲೆ ಅದು ಪೇಟೆಯಾಗುತ್ತ ಬಂತು.

ಹಂತ 6: ಮನುಷ್ಯತ್ವ ಇರಬೇಕಾದ ಜಾಗ

ಈಗ ಬನ್ನಿ. ಹಿಂದಿನ ಐದೂ ಹಂತ ಇದಕ್ಕಾಗಿಯೇ.

ಓದಿಗೆ ಬರುವ ಕಥೆಗಳಲ್ಲಿ ಈ ಧಾಟಿಯ ಸಾಲು ಮತ್ತೆ ಮತ್ತೆ ಸಿಗುತ್ತದೆ:

"ಯುದ್ಧದ ಕ್ರೌರ್ಯದ ನಡುವೆಯೂ ಆಕೆಯ ಹೃದಯದಲ್ಲಿ ಮಾನವೀಯತೆಯ ದೀಪ ಆರಿರಲಿಲ್ಲ. ತನ್ನ ಬಳಿಯಿದ್ದ ಆಹಾರವನ್ನೆಲ್ಲ ಆ ಅನಾಥ ಮಗುವಿಗೆ ಧಾರೆಯೆರೆದಳು."

ಇಲ್ಲಿ ಎಷ್ಟು ಆಹಾರವಿತ್ತು ಗೊತ್ತಿಲ್ಲ. ಅವಳ ಸ್ವಂತ ಮಕ್ಕಳು ಎಲ್ಲಿ, ಏನು ತಿಂದರು, ಗೊತ್ತಿಲ್ಲ. ಇದೇ ಘಟನೆಯನ್ನು ಲೆಕ್ಕ ಇಟ್ಟುಕೊಂಡು ಬರೆದರೆ:

"ಅವ್ವ ಚೀಲದ ಬಾಯಿ ಬಿಚ್ಚಿ ಕೈ ಇಳಿಸಿದಳು. ಬೆರಳು ತಳ ಮುಟ್ಟಿತು. ಐದು ಹಿಡಿ ಬಂದೀತು, ಬಾಯಿ ಆರು. ಮರದ ಬುಡದಲ್ಲಿ ಆ ಹುಡುಗಿ ಇನ್ನೂ ಕೂತಿತ್ತು, ಇವರತ್ತ ನೋಡುತ್ತಿರಲಿಲ್ಲ, ನೋಡಿದರೆ ಓಡಿಸುತ್ತಾರೆ ಎಂದು ಅದಕ್ಕೆ ಗೊತ್ತಿತ್ತು. ಅವ್ವ ಕಲಸಿದ ಹಿಟ್ಟನ್ನು ಉಂಡೆ ಕಟ್ಟತೊಡಗಿದಳು. ಅಜ್ಜಿ ಎಣಿಸುತ್ತಿದ್ದಳು. ಏಳನೆಯದು ಕಟ್ಟಿದಾಗ ಅಜ್ಜಿ, 'ನಂಗೆ ಹೊಟ್ಟೆ ಸರಿಯಿಲ್ಲ ಕಣವ್ವ' ಅಂದಳು. ಅವ್ವ ತಲೆ ಎತ್ತಲಿಲ್ಲ. 'ಉಣ್ಣು ಸುಮ್ಕೆ. ನಾಳೆ ನೀನ್ ಬಿದ್ರೆ ಹೊರೋರ್ಯಾರು' ಅಂದಳು. ಎಲ್ಲ ಉಂಡೆಗಳೂ ಸಣ್ಣವಾದವು. ದೊಡ್ಡ ಹುಡುಗ ತನ್ನದನ್ನು ನೋಡಿದ, ಆ ಹುಡುಗಿಯದನ್ನು ನೋಡಿದ, ಎರಡನ್ನೂ ಅಳೆದ."

ಇಲ್ಲಿ ಯಾರೂ ತಮ್ಮದೆಲ್ಲವನ್ನೂ ಕೊಟ್ಟಿಲ್ಲ. ಎಲ್ಲರದೂ ಸ್ವಲ್ಪ ಸ್ವಲ್ಪ ಕಡಿಮೆಯಾಗಿದೆ. ಅವ್ವನ ಮಾತು ಒರಟು. ಹುಡುಗನಿಗೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದು, ನಾಲ್ಕನೇ ದಿನ ಅದು ಹೊರಗೆ ಬರಲೇಬೇಕು. ಒಳ್ಳೆಯತನಕ್ಕೆ ಬೆಲೆ ಕಟ್ಟಿ, ಆ ಬೆಲೆಯನ್ನು ಮುಂದಿನ ಪುಟದಲ್ಲಿ ವಸೂಲಿ ಮಾಡಿ. ಏಳನೆಯ ಬಾಯಿ ಬಂದಮೇಲೆ ಹಿಟ್ಟು ಏಳು ದಿನಕ್ಕೆ ಬರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಲೆಕ್ಕ ತಿದ್ದಿ.

ಪ್ರತಿಯೊಂದು ಪಾತ್ರಕ್ಕೂ "ಇದನ್ನು ಮಾತ್ರ ನಾನು ಮಾಡೋದಿಲ್ಲ" ಎಂಬ ಒಂದು ಗೆರೆ ಇಟ್ಟುಕೊಳ್ಳಿ. ಅಜ್ಜಿ ಬೇರೆಯವರ ಹಗೇವು ತೆರೆಯುವುದಿಲ್ಲ. ಅಪ್ಪ ಸತ್ತವರ ಮೈಮೇಲಿನದನ್ನು ಬಿಚ್ಚುವುದಿಲ್ಲ. ಆಮೇಲೆ ಒಬ್ಬರಾದರೂ ಆ ಗೆರೆ ದಾಟಲಿ. ದಾಟಿದವರು ಕೆಟ್ಟವರಾಗಿಬಿಡುವುದಿಲ್ಲ. ಸತ್ತವನ ಕಂಬಳಿ ತೆಗೆದು ಮಗುವಿಗೆ ಹೊದೆಸಿದ ಅಪ್ಪ, ಮರುದಿನ ಬೆಳಿಗ್ಗೆ ಹಿಂದಿರುಗಿ ಹೋಗಿ ಆ ಹೆಣದ ಮೇಲೆ ನಾಲ್ಕು ಕಲ್ಲು ಪೇರಿಸಿ ಬರಬಹುದು. ಅದಕ್ಕೆ ಅರ್ಧ ದಿನ ಹಾಳಾಗುತ್ತದೆ. ಅರ್ಧ ದಿನ ಎಂದರೆ ಒಂದು ಕಿಲೋಗೂ ಹೆಚ್ಚು ಹಿಟ್ಟು.

ಬಾಗಿಲು ಮುಚ್ಚಿದವರನ್ನೂ ಬರೆಯಿರಿ. ದಾರಿಯ ಹಳ್ಳಿಯವರಿಗೂ ಮಕ್ಕಳಿದ್ದರು. ಊರು ಬಿಟ್ಟು ಬಂದವರಿಗೆ ಅನ್ನ ಕೊಟ್ಟ ಊರಿಗೆ ಅವರನ್ನು ಹುಡುಕಿಕೊಂಡು ದಂಡು ಬರುತ್ತದೆ ಎಂಬ ಭಯ ಅವರದು. ಬಾಗಿಲು ಮುಚ್ಚಿ, ಕಿಂಡಿಯಿಂದ ಒಂದು ತಂಬಿಗೆ ನೀರು ಹೊರಗಿಟ್ಟ ಕೈಯನ್ನು ನಾನು ಒಬ್ಬ ಹುಡುಗಿಯ ಕಥೆಯಲ್ಲಿ ಓದಿದೆ. ಮುಖ ತೋರಿಸಿರಲಿಲ್ಲ, ಕೈಬಳೆ ಮಾತ್ರ. ಇವತ್ತಿಗೂ ಮರೆತಿಲ್ಲ.

ಹಂತ 7: ಜಾತಿಯನ್ನು ದಾರಿಯಲ್ಲಿ ಬೀಳಿಸಬೇಡಿ

ಸಂಕಟ ಬಂದಾಗ ಎಲ್ಲರೂ ಒಂದಾದರು ಎಂದು ಬರೆಯುವುದು ಸುಲಭ. ಹಾಗಾಗುವುದಿಲ್ಲ ಎಂದು ನಮ್ಮ ಊರುಗಳ ಬಾವಿಗಳಿಗೆ ಚೆನ್ನಾಗಿ ಗೊತ್ತು. ಯಾರು ಕೆರೆಗೆ ಮೊದಲು ಇಳಿಯುತ್ತಾರೆ, ಯಾರ ಕೊಡದ ನೀರನ್ನು ಯಾರು ಕುಡಿಯುವುದಿಲ್ಲ, ಯಾರಿಗೆ ಮೇಲಿನಿಂದ ಬೊಗಸೆಗೆ ಸುರಿಯುತ್ತಾರೆ, ಇದೆಲ್ಲ ಹೆಗಲ ಮೇಲಿನ ಗಂಟಿನ ಜೊತೆಗೇ ಬರುತ್ತದೆ. ಈ ಕಥೆಗಳಲ್ಲಿ ಮನುಷ್ಯತ್ವದ ನಿಜವಾದ ಪರೀಕ್ಷೆ ಶತ್ರುವಿನ ಮುಂದೆ ನಡೆಯುವುದಕ್ಕಿಂತ ಹೆಚ್ಚಾಗಿ ಇಲ್ಲೇ ನಡೆಯುತ್ತದೆ ಎಂಬುದು ನನ್ನ ನಂಬಿಕೆ.

ಸಾಮಾನ್ಯ ತಪ್ಪು: ಮೇಲ್ಜಾತಿಯವರು ಕೆಳಜಾತಿಯವರಿಗೆ ಅನ್ನ ಕೊಟ್ಟು ದೊಡ್ಡವರಾಗುವುದು. ತಿರುಗಿಸಿ ನೋಡಿ. ಹೊಲಗೇರಿಯ ಹೆಂಗಸಿನ ಮಡಕೆಯಲ್ಲಿ ಗಂಜಿ ಇದೆ. ಊರ ಗೌಡರ ಮನೆಯವರು ಎರಡು ದಿನದಿಂದ ಉಂಡಿಲ್ಲ. ಅವಳು ಕೊಡಲು ಸಿದ್ಧಳಿದ್ದಾಳೆ, ಆದರೆ ಕೇಳದೆ ಕೊಟ್ಟರೆ ಅದೇ ಅಪರಾಧವಾಗುತ್ತದೆ ಎಂದು ತಡೆದಿದ್ದಾಳೆ. ಅವರು ಕೇಳುವುದಿಲ್ಲ. ಮಗು ಕೇಳುತ್ತದೆ. ಇಷ್ಟನ್ನು ಅವಸರಪಡದೆ ಬರೆಯಿರಿ. ತಿಂದ ಮೇಲೆ ಗೌಡಿತಿ ಏನಂದಳು ಎಂಬುದರಲ್ಲಿ ಸುಳ್ಳು ಸಿಹಿ ಬೆರೆಸಬೇಡಿ.

ಹಂತ 8: ಹೆಂಗಸರನ್ನೆಲ್ಲ ಓಬವ್ವ ಮಾಡಬೇಡಿ

ದುರ್ಗದ ಕಥೆ ಎಂದರೆ ಒನಕೆ ಕೈಗೆ ಬಂದುಬಿಡುತ್ತದೆ. ಓಬವ್ವನ ಮೇಲಿನ ಗೌರವ ನನ್ನದೂ ಹೌದು. ಆದರೆ ಅದೇ ಒನಕೆಯಿಂದ ಸಾವಿರಾರು ಹೆಂಗಸರು ದಾರಿಗೆ ಬೇಕಾದ ಕಾಳು ಕುಟ್ಟಿದರು. ನಿಮ್ಮ ಪಾತ್ರ ಕುಟ್ಟಲಿ. ದಿನ ತುಂಬಿದ ಬಸುರಿ ಎಷ್ಟು ದೂರ ನಡೆದಾಳು, ಮುಟ್ಟಾದವಳಿಗೆ ಬಟ್ಟೆ ಎಲ್ಲಿಂದ, ಹಾಲು ಬತ್ತಿದ ತಾಯಿಯ ಕೂಸಿಗೆ ಇನ್ನೊಬ್ಬಳು ಮೊಲೆ ಕೊಡುತ್ತಾಳೆಯೇ, ಇವನ್ನು ಗಂಡಸರು ಬರೆದ ಕಥೆಗಳಲ್ಲಿ ನಾನು ಹುಡುಕಿ ಸೋತಿದ್ದೇನೆ. ಮನೆಯ ಹೆಂಗಸರನ್ನು ಕೇಳಿ ಬರೆಯಿರಿ.

ಅತ್ಯಾಚಾರದ ಪ್ರಸಂಗ ಬಂದರೆ ಕಣ್ಣಿಗೆ ಕಟ್ಟುವಂತೆ ವರ್ಣಿಸುವುದು ಬೇಡ. ಅವಳನ್ನು ಮತ್ತೊಮ್ಮೆ ಎಲ್ಲರೆದುರು ನಿಲ್ಲಿಸಿದ ಹಾಗಾಗುತ್ತದೆ. ಅವಳು ಮರಳಿ ಬಂದ ಮೇಲೆ ಗುಂಪು ಅವಳ ಪಕ್ಕದಲ್ಲಿ ಮಲಗಿತೋ, ದೂರ ಸರಿದು ಮಲಗಿತೋ ಎಂಬಲ್ಲಿಗೆ ನಿಮ್ಮ ಗಮನ ತನ್ನಿ. ಅಂಥವಳನ್ನು ಕೊನೆಗೆ ಬಾವಿಗೆ ಹಾರಿಸುವ ಹಳೆಯ ಚಾಳಿಯನ್ನು ದಯವಿಟ್ಟು ಬಿಡಿ. ಅವಳು ಬದುಕಲಿ.

ಹಂತ 9: ದಂಡಿನವರಿಗೂ ಒಂದು ಊರಿತ್ತು

ಒಂದು ಧರ್ಮದವರನ್ನೆಲ್ಲ ರಾಕ್ಷಸರನ್ನಾಗಿ ಮಾಡಿದ ಕಥೆಗಳು ಓದಿಗೆ ಬರುತ್ತವೆ. ಇತಿಹಾಸ ಹಾಗಿಲ್ಲ. 1791ರಲ್ಲಿ ಶೃಂಗೇರಿ ಮಠವನ್ನು ಸುಲಿದದ್ದು ಪರಶುರಾಮ ಭಾವುವಿನ ಮರಾಠ ದಂಡಿನ ಜೊತೆಗಿದ್ದ ಸುಲಿಗೆಕಾರರು. ಮಠದ ಜೀರ್ಣೋದ್ಧಾರಕ್ಕೆ ನೆರವು ಕಳಿಸಿದ್ದು ಟಿಪ್ಪು ಸುಲ್ತಾನ್. ಹಾಗೆಂದು ದುರ್ಗದವರಿಗಾದ ನೋವನ್ನು ತೇಲಿಸಿಬಿಡಿ ಎನ್ನುತ್ತಿಲ್ಲ. ಸಾಗಿಸಲ್ಪಟ್ಟ ಆ 20,000 ಜನರ ನೋವನ್ನು ಪೂರ್ತಿ ಬರೆಯಿರಿ. ಬರೆದು, ಅದನ್ನು ಇಂದಿನ ನೆರೆಮನೆಯವನ ಮೇಲೆ ಹೊರಿಸಬೇಡಿ.

ದಂಡಿನ ಸಿಪಾಯಿಯೂ ಬಹಳ ಸಲ ಎಲ್ಲಿಂದಲೋ ಎಳೆದು ತಂದವನೇ. ಚೇಲಾ ಪಡೆಯ ಹುಡುಗ ಹತ್ತು ವರ್ಷಗಳ ನಂತರ ಇನ್ನೊಂದು ಊರಿನ ಹೊರಗೆ ಕತ್ತಿ ಹಿಡಿದು ನಿಂತಿದ್ದಾನೆ. ಒಳಗಿನಿಂದ ಯಾರೋ "ಬಾರೋ ಮಗಾ" ಎಂದು ಕರೆದ ದನಿ ಅವನ ಊರಿನ ಮಾತಿನಲ್ಲಿದೆ. ಇದನ್ನು ಬರೆಯಬಲ್ಲವರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ, ಇನ್ನೂ ಬರೆದಿಲ್ಲ.

ಇಂದಿನ ಯುದ್ಧದ ಕಥೆ ಬರೆಯುವವರಿಗೆ

ಕ್ರಮ ಇದೇ, ಹಿಟ್ಟಿನ ಜಾಗದಲ್ಲಿ ಕಾಗದ ಬರುತ್ತದೆ. ಗುರುತಿನ ಚೀಟಿ, ಫೋನಿನ ಚಾರ್ಜು, ಗಡಿಯ ಸಾಲು. 2022ರಲ್ಲಿ ಉಕ್ರೇನಿನಿಂದ ಮರಳಿದ ನಮ್ಮ ಕಡೆಯ ವೈದ್ಯಕೀಯ ವಿದ್ಯಾರ್ಥಿಗಳು ನೆಲಮಾಳಿಗೆಯಲ್ಲಿ ಬಿಸ್ಕತ್ತು ಹಂಚಿಕೊಂಡದ್ದನ್ನು ಬಲ್ಲರು. ಆದರೆ ಅವರಿಗೆ ಮರಳಲು ಮನೆ ಇತ್ತು, ಆ ವ್ಯತ್ಯಾಸ ಮರೆಯಬೇಡಿ. ಮನೆ ಇಲ್ಲದವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ ಟಿಬೆಟನ್ನರು, ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಆದ್ದರಿಂದ ಒಬ್ಬೊಬ್ಬರ ಕಾಗದದ ಕಥೆ ಒಂದೊಂದು ಥರ. ಹೋಗುವುದಾದರೆ ಮೊದಲ ದಿನವೇ "ಹೇಗೆ ತಪ್ಪಿಸಿಕೊಂಡು ಬಂದಿರಿ" ಎಂದು ಕೇಳಬೇಡಿ. ಅವರ ಅಡುಗೆ ಹೇಗೆ ಎಂದು ಕೇಳಿ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಹೇಳಿದ್ದನ್ನು ಹಾಗೆಯೇ ಬರೆಯುವ ಮುಂಚೆ ಒಪ್ಪಿಗೆ ಪಡೆಯಿರಿ, ಹೆಸರು ಊರು ಬದಲಾಯಿಸಿ.

ಹಂತ 10: ಮುಗಿಸುವುದು ಮತ್ತು ತಿದ್ದುವುದು

ಮರಳಿ ಬಂದ ಮನೆ ಹಾಗೇ ಇರಬಾರದು. ಪೂರ್ತಿ ಬೂದಿಯೂ ಆಗಿರಬೇಕಿಲ್ಲ. ಬೇರೆ ಯಾರೋ ಅಲ್ಲಿ ಒಲೆ ಹಚ್ಚಿರಬಹುದು, ಅವರೂ ಇನ್ನೊಂದು ಊರು ಬಿಟ್ಟವರೇ ಇರಬಹುದು. ಹಗೇವಿನ ಬಾಯಿ ತೆರೆದು ಹಗ್ಗದಲ್ಲಿ ದೀಪ ಇಳಿಸುವಲ್ಲಿಗೇ ನಿಲ್ಲಿಸಿ, ಒಳಗೆ ರಾಗಿ ಇದೆಯೋ ಇಲ್ಲವೋ ಹೇಳದೆಯೂ ಇರಬಹುದು. ಸತ್ತವರಿಗಾಗಿ ಭಾಷಣ ಮಾತ್ರ ಬೇಡ.

ಹದಿನೈದು ದಿನ ಹಸ್ತಪ್ರತಿಯನ್ನು ಮುಟ್ಟಬೇಡಿ. ಆಮೇಲೆ "ಮಾನವೀಯತೆ", "ಕ್ರೌರ್ಯ", "ಕಣ್ಣೀರ ಧಾರೆ", "ಕರುಳು ಕಿತ್ತು ಬರುವ" ಇಂಥವಕ್ಕೆ ಕೆಂಪು ಗೆರೆ ಎಳೆಯಿರಿ. ಆ ಪದ ತೆಗೆದಾಗ ಸಾಲಿನಲ್ಲಿ ಏನೂ ಉಳಿಯದಿದ್ದರೆ ಅಲ್ಲಿ ಘಟನೆಯೇ ಇರಲಿಲ್ಲ ಎಂದರ್ಥ, ಹಂತ 3ರ ನೋಟ್‌ಬುಕ್ಕಿಗೆ ಹಿಂದಿರುಗಿ. ಒಬ್ಬ ಪಾತ್ರ ಒಂದೇ ಒಂದು ಸಲವೂ ಸಣ್ಣತನ ತೋರಿಸಿಲ್ಲವೇ? ಯಾರೂ ಒಮ್ಮೆಯೂ ನಕ್ಕಿಲ್ಲವೇ? ಅದೂ ಕೆಟ್ಟ ಗುರುತು. ಏಳು ದಿನ ಒಟ್ಟಿಗೆ ನಡೆದ ಮಕ್ಕಳು ಒಂದಾದರೂ ಆಟ ಹುಡುಕಿಕೊಳ್ಳದೆ ಇರಲಾರರು.

ಕೊನೆಗೆ, ಕಥೆ ಓದುವ ಅಭ್ಯಾಸವಿಲ್ಲದ ಹಿರಿಯರೊಬ್ಬರ ಎದುರು ಕೂತು ಗಟ್ಟಿಯಾಗಿ ಓದಿ. ಹೊಲದಲ್ಲಿ ಕೆಲಸ ಮಾಡಿದವರಾದರೆ ಇನ್ನೂ ಒಳ್ಳೆಯದು. ಅವರು ತಡೆದು ಪ್ರಶ್ನೆ ಕೇಳಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಆಗಲೇ ಬಾಯಲ್ಲಿ ಉತ್ತರ ಕೊಡಬೇಡಿ. ಮನೆಗೆ ಹೋಗಿ ಉತ್ತರವನ್ನು ಕಥೆಯೊಳಗೆ ಬರೆಯಿರಿ, ಮುಂದಿನ ವಾರ ಅವರಿಗೇ ಮತ್ತೆ ಓದಿ ಹೇಳಿ.